ಖಾಲಿ ಹಲಗೆಯ ಕ್ಲೋದಿನಮ್ಮ

ಹೆತ್ತದ್ದು ಒಂದೂ ಇಲ್ಲ. ಆದರೂ ಫ್ರಾನ್ಸಿನ ಲಿಯೋನ್ ಪಟ್ಟಣದ ಅರ್ಧಕ್ಕರ್ಧ ಜನ ಹೋಟೆಲಿನ ಕ್ಲೋದಿನಳನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದರು. ಹೆಂಗಸು ಸ್ವಂತ ಒಲೆ ಹೂಡಿ ನಾಲ್ಕು ಜನಕ್ಕೆ ಬಡಿಸಿದರೆ ಅಲ್ಲಿ ಆ ಹೆಸರು ತಾನಾಗಿಯೇ ಅಂಟಿಕೊಳ್ಳುತ್ತದೆ. “ಹೆರಿಗೆ ನೋವಿಲ್ದೆ ಇಷ್ಟು ಮಕ್ಳು, ಅದ್ರಲ್ಲಿ ಅರ್ಧ ನನಗಿಂತ ಮುದುಕ್ರು” ಎಂದು ಆಕೆ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದಳು.

ರೇಷ್ಮೆ ನೇಯುವವರ ದಿಬ್ಬದಲ್ಲಿ ಅವಳು ಹೋಟೆಲು ತೆರೆದಾಗ ಉಳಿದ ಹೋಟೆಲಿನವರ ಬಾಗಿಲಲ್ಲಿ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಹತ್ತಿಪ್ಪತ್ತು ಬಗೆಯ ಅಡುಗೆಯ ಹೆಸರು. ಇವಳೂ ಒಂದು ಹಲಗೆ ನೇತುಹಾಕಿದಳು. ಬರೆಯಲಿಲ್ಲ. ಬರೆಯುವುದು ಎಲ್ಲಿಂದ ಬರಬೇಕು? ಐದನೆಯ ವಯಸ್ಸಿಗೇ ಹಂದಿ ಕಾಯಲು ಹೋದವಳಿಗೆ ಅಕ್ಷರವೆಂದರೆ ಕೋಳಿ ಕೆದರಿದ ಗುರುತು, ಅಷ್ಟೆ. ಯಾರಾದರೂ “ಇವತ್ತೇನಿದೆ ಅಮ್ಮಾ?” ಅಂದರೆ, “ಕೂತ್ಕೋ, ಬಾಯಿಗೆ ಬಿದ್ಮೇಲೆ ಗೊತ್ತಾಗತ್ತೆ” ಅನ್ನುವಳು. ದಿನಕ್ಕೆ ಒಂದೇ ಅಡುಗೆ: ಕೆನೆಯಲ್ಲಿ ಬೆಂದ ಕೋಳಿ, ಇಲ್ಲವೇ ಹೊಳೆಮೀನಿನ ಕಡುಬು. ಹೆಚ್ಚು ಬಗೆ ಮಾಡಿದರೆ ನೆನಪಿಟ್ಟುಕೊಳ್ಳುವವರಾರು!

ಅದೇ ಅವಳನ್ನು ಅಟ್ಟಕ್ಕೇರಿಸಿತು. ಪತ್ರಿಕೆಯವರು ಬಂದು ಉಂಡು, ಹಲಗೆ ಬೇಕೆಂದೇ ಖಾಲಿ ಬಿಟ್ಟು ಅಡುಗೆಯ ಲೋಕಕ್ಕೆ ಈಕೆ ಹೊಸ ದಾರಿ ತೋರಿಸಿದಳು ಎಂದು ಬರೆದರು. ಪ್ಯಾರಿಸ್ಸಿನ ಹೆಸರಾಂತ ಬಾಣಸಿಗರೂ ಬಾಗಿಲಿಗೆ ಖಾಲಿ ಹಲಗೆ ತೂಗುಬಿಟ್ಟರಂತೆ. ಅದನ್ನೆಲ್ಲ ಓದಿ ಹೇಳಿದವನು ದಿನಾ ಉಣ್ಣಲು ಬರುವ ನೇಕಾರ ಆಂತೆಲ್ಮ್. ಕಾಗದ ಬರಲಿ, ಪತ್ರಿಕೆ ಬರಲಿ, ಜೇಬು ತಡಕಿ “ಹಾಳಾದ್ ಕನ್ನಡಕ ಎಲ್ಲಿಟ್ನೋ, ನೀನೇ ಓದಪ್ಪ” ಎನ್ನುವುದು ಅವಳ ವಾಡಿಕೆ. ನನ್ನ ದಡ್ಡತನಕ್ಕೂ ಶಿಷ್ಯರಿದ್ದಾರಲ್ಲಪ್ಪ ಎಂದು ಒಳಗೊಳಗೇ ನಕ್ಕಳು. ನಿಜ ಹೇಳಿದರೆ ಊರು ಉಗಿಯುತ್ತದೆಂಬ ಹೆದರಿಕೆ ಮಾತ್ರ ನಲವತ್ತು ವರ್ಷ ಬಿಡಲಿಲ್ಲ.

ಅರವತ್ತೆಂಟನೆಯ ವಯಸ್ಸಿಗೆ ಪದಕ ಬಂತು. ಮೇಯರು ಅದನ್ನು ಅವಳ ಎದೆಗೆ ಚುಚ್ಚಿ, ತುಂಬಿದ ಹೋಟೆಲಿನಲ್ಲಿ ಎಲ್ಲರೆದುರು ಸೀಮೆಸುಣ್ಣ ಚಾಚಿದರು. “ಅಮ್ಮ, ಈ ಹಲಗೇನ ನಗರಸಭೇಲಿ ಇಡ್ತೀವಿ. ನಿಮ್ಮ ಕೈಯಾರೆ ಒಂದು ಮಾತು ಬರೀರಿ.”

ಕ್ಲೋದಿನಳ ಕೈ ತಾನಾಗಿ ಜೇಬಿಗೆ ಹೋಯಿತು. “ಕನ್ನಡಕ…” ಅಂದಳು. ಆ ಪುಣ್ಯಾತ್ಮ ತನ್ನದನ್ನೇ ತೆಗೆದು ಕೊಡಬೇಕೇ!

“ಬೇಡ ಸ್ವಾಮಿ. ಯಾರ ಕನ್ನಡಕ ಹಾಕಿದ್ರೂ ನಂಗೆ ಬರೆಯಕ್ಕೆ ಬರಲ್ಲ, ಓದಕ್ಕೂ ಬರಲ್ಲ. ಹಲಗೆ ಖಾಲಿ ಇದ್ದಿದ್ದು ಅದಕ್ಕೇ. ನೀವೆಲ್ಲ ಸುಮ್ಸುಮ್ನೆ ನನ್ನ ದೊಡ್ಡೋಳು ಮಾಡ್ಬಿಟ್ರಿ. ಪದಕ ಬಿಚ್ಕೊಳ್ಳಿ.” ನಾಚಿಕೆಯಿಂದ ಅವಳಿಗೆ ತಲೆಯೆತ್ತಲಾಗಲಿಲ್ಲ.

ಹಿಂದಿನ ಮೇಜಿನಿಂದ ಆಂತೆಲ್ಮ್ ಎದ್ದ. “ಅಮ್ಮ, ನಿನ್ನ ಹತ್ರ ಕನ್ನಡಕ ಇದ್ದಿದ್ದಾದ್ರೂ ಯಾವಾಗ? ಒಂದಿನಾನಾದ್ರೂ ನಿನ್ನ ಮೂಗಿನ ಮೇಲೆ ನೋಡಿದೀವಾ? ಈ ದಿಬ್ಬಕ್ಕೆಲ್ಲ ಗೊತ್ತು.”

“ಗೊತ್ತಿದ್ದೂ ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ರಾ, ಕಳ್ಳರಾ?”

“ಬಾಯಿ ತುಂಬ ನಿನ್ನ ಕೋಳಿ ಇತ್ತಲ್ಲಮ್ಮ!”

ಜನ ಘೊಳ್ಳೆಂದರು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಆಂತೆಲ್ಮ್ ಅವಳ ಕೈ ಹಿಡಿದು ಬರೆಸಿದ. ಅವಳು ಕೇಳಿದ್ದು ಒಂದೇ ಪದ, ‘ಕೋಳಿ’. ಕಾಲು ಮುರಿದ ಕೋಳಿಯ ಹಾಗೆ ಅಕ್ಷರ ಸೊಟ್ಟಸೊಟ್ಟಗೆ ಬಂತು.

ಅಷ್ಟರಲ್ಲಿ ಒಳಗಿನಿಂದ ತಟ್ಟೆಗಳು ಬಂದವು. ಹೊಳೆಮೀನಿನ ಕಡುಬು.

“ಅಯ್ಯೋ, ಇವತ್ತು ಮೀನಲ್ವಾ!” ಎಂದು ಕ್ಲೋದಿನ್ ಹಣೆ ಚಚ್ಚಿಕೊಂಡಳು. “ಅಕ್ಷರ ಬರದೆ ನಲವತ್ತು ವರ್ಷ ಸುಳ್ಳು ಹೇಳ್ದೆ. ಅಕ್ಷರ ಬಂದ ಮೊದಲ್ನೇ ದಿನಾನೂ ಬರ್ದಿದ್ದು ಸುಳ್ಳೇ!”