ನೇರಳೆ ಬಣ್ಣದ ಹೊಳೆ

ಕಳೆದ ವಾರ ಅಡುಗೆಮನೆಯ ಅಟ್ಟದಿಂದ ಹಳೆಯ ಸಾಮಾನು ಇಳಿಸುವಾಗ ಒಂದು ಚಹಾಪುಡಿ ಡಬ್ಬಿ ಸಿಕ್ಕಿತು. ತುಕ್ಕು ಹಿಡಿದ ಮುಚ್ಚಳವನ್ನು ಚಮಚದಿಂದ ಮೀಟಿ ತೆಗೆದೆ. ಒಳಗೆ ಅರ್ಧ ಡಬ್ಬಿ ನೇರಳೆ ಬಣ್ಣ, ಒಣಗಿ ಬಿರುಕು ಬಿಟ್ಟಿತ್ತು. ಆದರೆ ಟರ್ಪಂಟೈನ್ ವಾಸನೆ ಮಾತ್ರ ಇಷ್ಟು ವರ್ಷ ನನಗಾಗಿಯೇ ಕಾದಿದ್ದಂತೆ ಎದ್ದು ಬಂತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ...

ದಾಂಡೇಲಿಯ ಸಾಲುಮನೆಗಳಲ್ಲಿ ಆ ಡಬ್ಬಿಯ ಒಡತಿ ನಮ್ಮ ಪಕ್ಕದ ಮನೆಯವರು. ಗಂಡ ಪೇಪರ್ ಮಿಲ್ಲಿನಿಂದ ನಿವೃತ್ತರಾದವರು. ಓಣಿಗೆಲ್ಲ ಆಕೆ ಕಾಕು, ಎಂದರೆ ಚಿಕ್ಕಮ್ಮ. ಮದುವೆಯಾಗಿ ಧಾರವಾಡದ ಕಡೆಯಿಂದ ಬಂದ ನನಗೂ ಕಾಕುವೇ ಆದರು. ಕೇಳಿದವರ ಮನೆಯ ಗೋಡೆಗೆ, ಕಪಾಟಿಗೆ, ತೊಟ್ಟಿಲಿಗೆ ಚಿತ್ರ ಬರೆದುಕೊಡುವುದು ಅವರ ಕೆಲಸ. ಹಳಿಯಾಳದ ಮದುಮಗಳ ಕಪಾಟಿಗೆ ಗಿಳಿ, ಗಣೇಶಗುಡಿಯ ಹೋಂಸ್ಟೇ ಗೋಡೆಗೆ ಕಾಡು ಮತ್ತು ಮಂಗಟ್ಟೆ ಹಕ್ಕಿ. ಮೋಡಗಳನ್ನು ಮಾತ್ರ ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಕಂಡ ಬಣ್ಣದ ಮೇಜುಗಳ ಮೇಲೆ ಬರೆದಿದ್ದ ಹಾಗೆ ಸುರುಳಿ ಸುರುಳಿಯಾಗಿ ಬರೆಯುತ್ತಿದ್ದರು.

"ನಮ್ಮ ಕಡೆ ಮೋಡ ಹಿಂಗ ಇರ್ತಾವೇನ್ರಿ ಕಾಕು?" ಎಂದು ಒಮ್ಮೆ ಕೇಳಿದ್ದೆ.

"ಇರೂದಿಲ್ಲ. ಇದ್ದಿದ್ರ ಚಂದ ಇರ್ತಿತ್ತಲ್ಲ?" ಎಂದಿದ್ದರು.

ಮಾತಿಗೆ ಜೋಡಿಯಾಗಲಿ ಎಂದು ನನ್ನ ಅತ್ತೆಯನ್ನು ಕೇಳಿ ಕೆಲಸದ ಜಾಗಕ್ಕೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಬಸ್ಸಿನಲ್ಲಿ ಡಬ್ಬಿಗಳ ಚೀಲ ನನ್ನ ಕಾಲ ಬಳಿ, ಬ್ರಷ್ಷುಗಳ ಗಂಟು ಅವರ ಮಡಿಲಲ್ಲಿ. ಡಬ್ಬಿಗಳೆಲ್ಲ ಒಂದೇ ಅಳತೆಯ ಚಹಾಪುಡಿ ಡಬ್ಬಿಗಳು. ಕೆಲಸಕ್ಕೆ ಕೂತಾಗ ಅವನ್ನು ತಾವೇ ಒಂದು ಸಾಲಿನಲ್ಲಿ ಇಡುತ್ತಿದ್ದರು. ಎಡದ ತುದಿಗೆ ಬಿಳಿ, ಬಲದ ತುದಿಗೆ ಕರಿ, ಕರಿಯ ಪಕ್ಕ ನೀಲಿ. ಒಂದು ದಿನವೂ ಆ ಸಾಲು ಬದಲಾಗಲಿಲ್ಲ. ದೇವರ ಕಟ್ಟೆಗೂ ಇಷ್ಟು ಮಡಿ ಇಲ್ಲವಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಡಬ್ಬಿಯತ್ತ ನೋಡದೆಯೇ ಕೈ ಚಾಚಿ ಬ್ರಷ್ ಅದ್ದುವ ಅವರ ಬೆಡಗನ್ನು ಕಂಡು ಬೆರಗಾಗುತ್ತಲೂ ಇದ್ದೆ.

ಆ ದಿನ ಗಣೇಶಗುಡಿಯ ಹೋಂಸ್ಟೇ ಒಂದರ ಪಡಸಾಲೆಯಲ್ಲಿ ಕಾಳಿ ಹೊಳೆ ಬರೆಯುವುದಿತ್ತು. ಗುಡ್ಡ, ಗಿಡ, ಸುರುಳಿ ಮೋಡ ಹಿಂದಿನ ದಿನವೇ ಮುಗಿದಿದ್ದವು. ಊಟವಾದ ಮೇಲೆ ಕಾಕು ಕಟ್ಟೆಯ ಮೇಲೆ ಅಡ್ಡಾದರು. ನಾನು ಸುಮ್ಮನಿರಬೇಕೋ ಬೇಡವೋ! ಡಬ್ಬಿಗಳನ್ನೆಲ್ಲ ಒರೆಸಿ, ಅತ್ತೆ ಅಡುಗೆಮನೆಯಲ್ಲಿ ಕಲಿಸಿದ್ದಂತೆ ಜೋಡಿಸಿಟ್ಟೆ. ಅರ್ಧ ಆದದ್ದು ಮೊದಲು ಕೈಗೆ ಸಿಗಬೇಕು, ತುಂಬಿದ್ದು ಹಿಂದಿರಬೇಕು ಎನ್ನುವುದು ಅತ್ತೆಯ ಕಾನೂನು. ಬೇಳೆಗೆ ಒಪ್ಪಿದ ಕಾನೂನು ಬಣ್ಣಕ್ಕೂ ಒಪ್ಪೀತು ಎಂದುಕೊಂಡೆ.

ಒಳಗೆ ಹೋಗಿ ಚಹಾ ತರುವಷ್ಟರಲ್ಲಿ ಗೋಡೆಯ ಮೇಲೆ ಅರ್ಧ ಹೊಳೆ ಹರಿದಾಗಿತ್ತು. ಪೂರ್ತಿ ನೇರಳೆ ಬಣ್ಣದಲ್ಲಿ.

ನನಗೆ ನಗು ಬಂತು. ಅಷ್ಟರಲ್ಲಿ ಕಾಕು ತಿರುಗಿ, "ನೀಲಿ ಭಾಳ ದಟ್ಟ ಆತೇನು ನೋಡು," ಎಂದರು.

ಆಗ ತಿಳಿಯಿತು. ಅವರು ಬಣ್ಣ ನೋಡಿ ಅದ್ದುತ್ತಿರಲಿಲ್ಲ, ಡಬ್ಬಿಯ ಜಾಗ ನೋಡಿ ಅದ್ದುತ್ತಿದ್ದರು. ಕರಿಯ ಪಕ್ಕ, ನೀಲಿಯ ಜಾಗದಲ್ಲಿ ನಾನು ನೇರಳೆ ಇಟ್ಟಿದ್ದೆ. ಎಷ್ಟು ದಿನದಿಂದ ಹೀಗೆ ಬರೆಯುತ್ತಿದ್ದರೋ ಏನೋ... ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟೆ.

"ಇಲ್ರಿ ಕಾಕು, ಬರಾಬರಿ ಐತಿ," ಎಂದೆ.

ಸಂಜೆ ಕಾಕು ಹಿತ್ತಿಲ ನಲ್ಲಿಯಲ್ಲಿ ಬ್ರಷ್ ತೊಳೆಯುತ್ತಿದ್ದಾಗ ಹೋಂಸ್ಟೇ ಮಾಲಕರು ಬಂದರು. ಗೋಡೆ ನೋಡಿ ಹುಬ್ಬು ಗಂಟು ಹಾಕಿದರು.

"ಇದೇನ್ರಿ, ಹೊಳಿ ಹಿಂಗೈತಿ?"

"ಇದು ಸಂಜಿ ಹೊಳಿರಿ."

"ಸಂಜಿ ಅಂದ್ರ ಸೂರ್ಯ ಎಲ್ಲಿ ಅದಾನ?"

"ಗುಡ್ಡದ ಹಿಂದ ಹೋಗ್ಯಾನಲ್ರಿ!"

ಅವರು ಗುಡ್ಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಆತು ಬಿಡ್ರಿ," ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ಕಿಟಕಿಯಾಚೆ ಕಾಡು, ನಡುನಡುವೆ ನೀರಿನ ಮಿಂಚು... ನನಗೆ ಎಲ್ಲವೂ ನೇರಳೆಯಾಗಿಯೇ ಕಂಡಿತು.

ಕೆಲವು ತಿಂಗಳ ಮೇಲೆ ಅವರ ಮಗಳು ಬಂದು ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸಲು ನಿಶ್ಚಯಿಸಿದಳು. ಹೊರಡುವ ಮೊದಲು ಕಾಕು ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಎರಡ ವರ್ಷಾತು, ಬರೇ ಡಬ್ಬಿ ಸಾಲಿನ ಮ್ಯಾಲ ಬರದೇನಿ. ಕಣ್ಣ ಮಂಜಾಗ್ಯಾವು ಅಂದ್ರ ಯಾರು ಗ್ವಾಡಿ ಕೊಡ್ತಾರ? ಆದ್ರ ಒಂದ ಸಲಾನೂ ತಪ್ಪಿಲ್ಲ ನೋಡು." ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಕಣ್ಣು ತಿಳಿಯಾದ ಮೇಲೆ ಅವರಿಗೆ ಒಂದೇ ಹಂಬಲ. "ಗಣೇಶಗುಡಿಗೆ ಹೋಗೂಣು. ಆ ನೀಲಿ ಹೊಳಿ ಒಮ್ಮೆ ಕಣ್ತುಂಬ ನೋಡ್ಬೇಕು." ಮೊದಲ ಸಲ ಅತ್ತೆಗೆ ಹುಷಾರಿಲ್ಲ ಎಂದೆ. ಎರಡನೆಯ ಸಲ ಮಳೆ ಎಂದೆ. ಮೂರನೆಯ ಸಲ ಏನು ಹೇಳಿದೆನೋ ನೆನಪಿಲ್ಲ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಮರೆತರು ಎಂದು ನಾನು ನಿಟ್ಟುಸಿರು ಬಿಟ್ಟೆ. ಕೆಲವು ದಿನದ ಮೇಲೆ ಒಂದು ಚಹಾಪುಡಿ ಡಬ್ಬಿ ತಂದು ನನ್ನ ಕೈಗಿಟ್ಟು, "ಇದು ನಿನಗಿರ್ಲಿ," ಎಂದರು. ಮುಚ್ಚಳವನ್ನೂ ತೆಗೆಯದೆ ಅದನ್ನು ಅಟ್ಟಕ್ಕೆ ಸೇರಿಸಿದೆ. ಮುಂದಿನ ಶ್ರಾವಣಕ್ಕೆ ಕಾಕು ಇರಲಿಲ್ಲ.

ಡಬ್ಬಿ ಸಿಕ್ಕ ಮರುದಿನವೇ ಗಣೇಶಗುಡಿಯ ಬಸ್ಸು ಹತ್ತಿದೆ. ತಲೆ ಪೂರ್ತಿ ನರೆತಿದ್ದ ಮಾಲಕರು ಗುರುತು ಹಿಡಿದರು. ಪಡಸಾಲೆ ದೊಡ್ಡದು ಮಾಡಲು ಬರುವ ತಿಂಗಳು ಆ ಗೋಡೆ ಕೆಡವುತ್ತಾರಂತೆ. ಒಳಗೆ ಹೋಗಿ ನೋಡಿದೆ. ಅದೇ ಗುಡ್ಡ, ಅದೇ ಸುರುಳಿ ಮೋಡ, ತಂಪಿಗೆ ಅಲ್ಲಲ್ಲಿ ಹಕ್ಕಳೆ ಎದ್ದ ಅದೇ ನೇರಳೆ ಹೊಳೆ. ಆದರೆ ಗುಡ್ಡದ ಅಂಚಿನಲ್ಲಿ, ಅರ್ಧ ಮುಳುಗಿದ ಕೆಂಪು ಸೂರ್ಯ. ಅದು ಅಂದು ಅಲ್ಲಿರಲಿಲ್ಲ.

"ಈ ಸೂರ್ಯನ್ನ ಯಾರು ಬರದಾರ್ರಿ?"

"ಅವರ ಬರದ್ರು. ಆಪರೇಷನ್ ಆದ ಮ್ಯಾಲ ಒಬ್ಬರ ಬಂದಿದ್ರು. ಭಾಳೊತ್ತು ಗ್ವಾಡಿ ನೋಡಿಕೋತ ನಿಂತ್ರು. ನೀವು ಅವತ್ತ ಹೇಳಿದ್ದನ್ನ ನಾ ಹೇಳ್ದೆ, ಸಂಜಿ ಹೊಳಿ ಅಂತ, ಸೂರ್ಯ ಗುಡ್ಡದ ಹಿಂದ ಅದಾನ ಅಂತ. ನಕ್ಕ ನಕ್ಕ ಕಣ್ಣಾಗ ನೀರ ಬಂತು ಅವರಿಗೆ. ನೀಲಿ ಮಾಡ್ತೀರೇನ್ರಿ ಅಂತ ಕೇಳ್ದೆ. ಬ್ಯಾಡ, ನಮ್ಮ ಹುಡುಗಿ ಮಾತ ಸುಳ್ಳಾಗಬಾರದು ಅಂದ್ರು. ಸೂರ್ಯನ್ನ ಬರದ ಹ್ವಾದ್ರು."

ನಾನು ಮಾಲಕರಿಗೆ ಹೇಳಿದ ಸುಳ್ಳನ್ನು ಕಾಕು ಖರೇ ಮಾಡಿ ಹೋಗಿದ್ದರು. ನಾನು ಮಾತ್ರ ಅವರ ಮುಂದೆ ಕೂತು, ಡಬ್ಬಿ ಸಾಲು ಕೆಡಿಸಿದ್ದು ನಾನೇ ಕಾಕು ಎಂದು ಒಂದು ಮಾತು ಹೇಳಲಿಲ್ಲ. ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಮಾಲಕರು ಹೊರಗೆ ಹೋದರು.

ಡಬ್ಬಿ ಈಗ ನನ್ನ ಅಡುಗೆಮನೆಯ ಕಪಾಟಿನಲ್ಲಿ, ಮುಂದಿನ ಸಾಲಿನಲ್ಲಿದೆ. ಅರ್ಧ ಆದದ್ದು ಮುಂದಿರಬೇಕಲ್ಲ... ಬೇಳೆ ತೆಗೆಯುವಾಗಲೊಮ್ಮೆ ಮುಚ್ಚಳ ತೆಗೆದು ವಾಸನೆ ನೋಡುತ್ತೇನೆ. ದಿನದಿನಕ್ಕೆ ಅದೂ ಕಡಿಮೆಯಾಗುತ್ತಿದೆ.