ಕೊಯ್ದ ಹೊಟ್ಟೆಗೆ ಇಟ್ಟ ಎಡೆ

"ಕೊಯ್ದಿದ್ದನ್ನ ಏನ್ ಮಾಡಿದ್ರಪ್ಪ?"

ಬೆಂಗಳೂರಿನ ಆಸ್ಪತ್ರೆಯಿಂದ ಸೊಸೆಯನ್ನು ಕರೆತಂದ ಕಾರಿನ ಬಾಗಿಲು ಇನ್ನೂ ಪೂರ್ತಿ ತೆರೆದಿರಲಿಲ್ಲ. ಸುಬ್ಬಲಕ್ಷ್ಮಮ್ಮ ಮಗನನ್ನು ಕೇಳಿದ ಮೊದಲ ಮಾತು ಅದು. ಮಗ ಮುರಳಿಮೋಹನ್ ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಗುಮಾಸ್ತ, ನಾಲ್ಕಕ್ಷರ ಕಲಿತವನು. ಅವನು ನಕ್ಕು, ಅದನ್ನೆಲ್ಲ ಯಾರು ಕೇಳ್ತಾರೆ, ಎಸೆದಿರ್ತಾರೆ ಅಂದ.

ಮುದುಕಿ ನಗಲಿಲ್ಲ. ಆ ಮನೆಯಲ್ಲಿ ಮೈಯಿಂದ ಬೇರೆಯಾದ ಯಾವುದನ್ನೂ ಎಸೆದವರಿಲ್ಲ. ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಗೂ ಮಣ್ಣಿನಲ್ಲಿ ಜಾಗವಿದೆ. ಅವಳ ಗಂಡ ಪಿಳ್ಳಪ್ಪ ಬದುಕಿದ್ದಾಗ ಸೊಪ್ಪು ಕತ್ತರಿಸುವ ಯಂತ್ರಕ್ಕೆ ಎರಡು ಬೆರಳು ಕೊಟ್ಟಿದ್ದ. ಆ ಎರಡನ್ನೂ ಅರಿಶಿನ ಹಚ್ಚಿ, ಬಿಳೀ ಬಟ್ಟೆಯಲ್ಲಿ ಸುತ್ತಿ, ರೇಷ್ಮೆ ಹುಳು ಮನೆಯ ಹಿಂದಿನ ಹೊಂಗೆ ಮರದ ಬುಡದಲ್ಲಿ ಹೂತು ಹಾಲು ಬಿಟ್ಟಿದ್ದರು. ಎರಡು ಬೆರಳಿಗೇ ಅಷ್ಟು ಮರ್ಯಾದೆ. ಇದು ಹೊಟ್ಟೆ.

"ಈ ಮನೇಲಿ ಇಪ್ಪತ್ತು ವರ್ಷ ಉಂಡು ಅಭ್ಯಾಸ ಆದ ಹೊಟ್ಟೆ ಕಣಪ್ಪ ಅದು. ಎಲ್ಲೋ ಬಿಸಾಕಿದ್ರೆ ಸುಮ್ನೆ ಬಿದ್ದಿರುತ್ತಾ? ಹಸಿವಾದ್ರೆ ಮನೆ ಹುಡುಕ್ಕೊಂಡು ಬರುತ್ತೆ."

ಕಾರಿನ ಹಿಂದಿನ ಸೀಟಿನಲ್ಲಿ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೂತಿದ್ದ ತನುಜಳಿಗೆ ನಗು ಬಂತು. ಹೊಲಿಗೆ ಎಳೆಯಿತು, ನಗು ನಿಂತಿತು.

ತನುಜಳಿಗೆ ಮೂವತ್ತೆಂಟು. ಸಾದಲಿಯಿಂದ ಎರಡು ಮೈಲಿ ಒಳಗಿನ ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ರೇಷ್ಮೆ ಹುಳು ಸಾಕುವವಳು. ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತಂದು, ತಟ್ಟೆ ತಟ್ಟೆಗೂ ಹರಡಿ, ಹುಳುಗಳ ಕಸ ತೆಗೆದು, ಮಧ್ಯಾಹ್ನ ಒಂದೂವರೆಗೆ ಕೂತರೆ ಮೂರು ಮುದ್ದೆ ಉಣ್ಣುತ್ತಿದ್ದಳು. ಹೊರೆ ಎಷ್ಟು ತೂಗುತ್ತದೆಂದು ಊರಲ್ಲಿ ಒಬ್ಬರೂ ಕೇಳಿದವರಲ್ಲ. ಮುದ್ದೆ ಎಷ್ಟು ಎಂದು ಲೆಕ್ಕ ಇಟ್ಟವರು ಮಾತ್ರ ಬೀದಿ ತುಂಬ ಇದ್ದರು. ನೂರ ಹದಿನಾಲ್ಕು ಕೆಜಿ ಮುಟ್ಟಿದಾಗ ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ನಿದ್ದೆಯಲ್ಲಿ ಉಸಿರು ನಿಲ್ಲತೊಡಗಿತು. ಹೀಗೇ ಬಿಟ್ಟರೆ ಐವತ್ತು ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಮಗಳು ಬಿಂದುಶ್ರೀಗೆ ಹದಿಮೂರು. ಅವಳ ಮದುವೆಯನ್ನಲ್ಲದಿದ್ದರೂ ಅವಳ ಕಾಲೇಜನ್ನಾದರೂ ನೋಡಬೇಕು ಎಂದು ತನುಜ ಕೊಯ್ಯಿಸಿಕೊಳ್ಳಲು ಒಪ್ಪಿದಳು. ಆಸೆ ಅಷ್ಟೇ, ಬದುಕಿರಬೇಕು ಅನ್ನುವುದು.

ಹೊಟ್ಟೆಯ ಐದು ಪಾಲಿನಲ್ಲಿ ನಾಲ್ಕನ್ನು ತೆಗೆದು, ಉಳಿದದ್ದನ್ನು ಒಂದು ಬಾಳೆಹಣ್ಣಿನಷ್ಟಕ್ಕೆ ಹೊಲಿದಿದ್ದರು. ಹಸಿವನ್ನು ಹುಟ್ಟಿಸುವ ಭಾಗವೇ ಹೋಗಿದೆ, ಹಸಿವು ಕಾಡುವುದಿಲ್ಲ ಎಂದು ಖುಷಿಯಿಂದಲೇ ಹೇಳಿ ಕಳಿಸಿದ್ದರು. ಅದು ನಿಜವಾಯಿತು. ಬೆಳಗಾಗುತ್ತಿತ್ತು, ಮಧ್ಯಾಹ್ನವಾಗುತ್ತಿತ್ತು, ಒಳಗಿನಿಂದ ಯಾರೂ ಕರೆಯುತ್ತಿರಲಿಲ್ಲ. ಸಾರಿನ ಒಗ್ಗರಣೆ ವಾಸನೆ ಪಕ್ಕದ ಮನೆಯದ್ದೆನ್ನುವ ಹಾಗೆ ಮೂಗಿನ ಮುಂದೆ ಹಾದು ಹೋಗುತ್ತಿತ್ತು. ಹುಳು ಮನೆಯಲ್ಲಿ ಕೊನೆಯ ಹಂತದ ಹುಳುಗಳು ಸೊಪ್ಪು ತಿನ್ನುವ ಸದ್ದು ಹಗಲೂ ಇರುಳೂ ಸಣ್ಣ ಮಳೆಯಂತೆ ಬೀಳುತ್ತಿತ್ತು. ಮೊದಲು ಆ ಸದ್ದು ಕೇಳಿದರೆ ಅವಳಿಗೂ ಬಾಯಿ ಆಡಿಸಬೇಕೆನಿಸುತ್ತಿತ್ತು. ಈಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆ ಕೋಣೆಯಲ್ಲಿ ಹಸಿವಿಲ್ಲದ್ದು ತಾನೊಬ್ಬಳೇ ಎಂದು ಒಂದು ದಿನ ಹೊಳೆಯಿತು.

ಮೊದಲ ತಿಂಗಳು ನೀರು, ತಿಳಿಸಾರು, ನುರಿದ ಇಡ್ಲಿ ಎಂದು ಕಳೆಯಿತು. ಐದನೇ ವಾರ ಫೋನಿನ ಪರದೆಯಲ್ಲಿ ಆಸ್ಪತ್ರೆಯ ಕಡೆಯಿಂದ ಆಹಾರ ಹೇಳುವ ಹುಡುಗಿ ಬಂದಳು, ಹೆಸರು ಅಮೃತ. ಇಂಗ್ಲಿಷು ಬೆರೆಸಿ ಬೆರೆಸಿ ಮುರಳಿಯ ಹತ್ತಿರವೇ ಮಾತಾಡುತ್ತಿದ್ದಳು, ಕೊಯ್ಯಿಸಿಕೊಂಡವನು ಅವನೇ ಎನ್ನುವಂತೆ. ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು ಎಂದಳು. ತನುಜ ಗಂಡನ ಭುಜದ ಹಿಂದಿನಿಂದ ಇಣುಕಿ ಕೇಳಿದ್ದು ಒಂದೇ ಪ್ರಶ್ನೆ, ಮುದ್ದೆ ತಿನ್ನಬಹುದಾ? ಓ, ಧಾರಾಳವಾಗಿ, ರಾಗಿ ತುಂಬ ಒಳ್ಳೇದು, ಮೆತ್ತಗೂ ಇರುತ್ತೆ ಎಂದಳು ಅಮೃತ.

ಮುದ್ದೆಯನ್ನು ಈ ಸೀಮೆಯಲ್ಲಿ ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಅಗಿದವರನ್ನು ಹೊರಗಿನವರು ಎಂದು ನಗುತ್ತಾರೆ. ಆ ಹುಡುಗಿಗೆ ಇದು ಗೊತ್ತಿರಲಿಲ್ಲ. ತನುಜಳಿಗೆ ಇದು ಹೇಳಬೇಕಾದ ವಿಷಯ ಎಂದು ಗೊತ್ತಿರಲಿಲ್ಲ. ಮೂವತ್ತು ಸಲ ಅಗಿಯುವುದು ಇಡ್ಲಿಗೆ, ಅನ್ನಕ್ಕೆ, ಅಗಿಯುವಂಥದ್ದಕ್ಕೆ ಎಂದುಕೊಂಡಳು. ಊಟ ಹೇಳಿಕೊಡಲು ಕೂತವರು ಆ ಊರಿನ ಜನ ಹೇಗೆ ಉಣ್ಣುತ್ತಾರೆಂದು ಒಂದು ಮಾತು ಕೇಳಬಾರದೇ? ಕೇಳಲಿಲ್ಲ. ಅವಳು ಕಳಿಸಿದ ಚೀಟಿಯಲ್ಲಿ ಓಟ್ಸಿನ ಹೆಸರು ನಾಲ್ಕು ಕಡೆ ಇತ್ತು.

ಅತ್ತೆ ಅವತ್ತು ಹಿದುಕಿದ ಅವರೆಬೇಳೆ ಸಾರು ಮಾಡಿದ್ದಳು. ತನುಜ ಗೋಲಿಯಷ್ಟು ಮುದ್ದೆ ಮುರಿದು ನುಂಗಿದಳು. ಅದು ಎದೆಗೂಡಿನ ಹಿಂದೆ ಹೋಗಿ ಕಲ್ಲಿನಂತೆ ನಿಂತಿತು. ಬಾಯಿ ತುಂಬ ನೊರೆ ಬಂತು, ಆಮೇಲೆ ಎಲ್ಲವೂ ಬಂತು. ಮಾರನೆ ದಿನವೂ ಹಾಗೆಯೇ. ಅಭ್ಯಾಸದಂತೆ ಮುದ್ದೆ ನುಂಗುವುದು, ಕಕ್ಕುವುದು. ಎದೆ ಉರಿದು ಕೊನೆಗೆ ನೀರೂ ನಿಲ್ಲದಾಯಿತು. ವಿಟಮಿನ್ ಮಾತ್ರೆ ನುಂಗಿದರೆ ಅದೂ ಹೊರಗೆ. ಬಿಟ್ಟುಬಿಟ್ಟಳು. ಹಸಿವು ಇದ್ದಿದ್ದರೆ ಅದು ಕೂಗಿ ಹೇಳುತ್ತಿತ್ತು. ಹೇಳುವವರೇ ಇರಲಿಲ್ಲ.

ಮೂರು ವಾರದಲ್ಲಿ ಕೆನ್ನೆ ಇಳಿಯಿತು, ಕತ್ತಿನ ಮೂಳೆ ಕಂಡಿತು. ಊರು ಹೊಗಳಿತು. ಎದುರು ಮನೆಯ ಕಲ್ಯಾಣಿ, ತನುಜ ಹತ್ತಿದರೆ ಆಟೋ ಏಳುವುದಿಲ್ಲ ಎಂದು ಹಿಂದೆ ನಗುತ್ತಿದ್ದವಳು, ಬಂದು ಕೈ ಹಿಡಿದುಕೊಂಡಳು. "ಒಳ್ಳೆ ಕಾಲೇಜು ಹುಡುಗಿ ತರ ಆಗಿದೀಯಲ್ಲೇ. ಆ ಆಸ್ಪತ್ರೆ ನಂಬರು ಕೊಡೇ." ತನುಜ ಗೋಡೆ ಹಿಡಿದು ನಿಂತೇ ನಂಬರು ಹೇಳಿದಳು. ಹೆಂಗಸೊಬ್ಬಳು ಕಣ್ಣೆದುರೇ ಸಾಯುತ್ತಿದ್ದರೆ ಚೆನ್ನಾಗಿ ಕಾಣ್ತೀಯ ಎನ್ನುವ ಕಣ್ಣುಗಳನ್ನು ನಾವು ಎಲ್ಲಿಂದ ತಂದುಕೊಂಡೆವೋ. ಅವಳು ದಪ್ಪಗಿದ್ದಾಗ ಹೇಗಿದ್ದೀಯ ಎಂದು ಕೇಳದವರು, ಈಗಲೂ ಕೇಳಲಿಲ್ಲ.

ಆ ಮನೆಯಲ್ಲಿ ಇನ್ನೊಂದು ನಡೆದಿತ್ತು. ಬಿಂದುಶ್ರೀ ದುಂಡಗಿನ ಹುಡುಗಿ, ತಾಯಿಯ ಮೈಕಟ್ಟು. ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದ ಮುರಳಿಗೆ ಮಗಳ ತಟ್ಟೆ ಕಂಡರೆ ಭಯ ಹಿಡಿದಿತ್ತು. ನಿನ್ನನ್ನೂ ಅಲ್ಲಿ ಮಲಗಿಸಬೇಕಾ ಎಂದು ಕೇಳಿ, ಎರಡು ಮುದ್ದೆಯನ್ನು ಅರ್ಧ ಮುದ್ದೆಗೆ ಇಳಿಸಿದ. ರಾತ್ರಿ ಒಂದು ಲೋಟ ಮಜ್ಜಿಗೆ. ಹುಡುಗಿ ಎದುರಾಡಲಿಲ್ಲ. ಹಾಸಿಗೆ ಹಿಡಿದಿದ್ದ ತನುಜ ಇದನ್ನು ಅರ್ಧ ಕಂಡಳು, ಅರ್ಧ ಕಾಣಲಿಲ್ಲ.

ಏಕೆಂದರೆ ಅಷ್ಟರಲ್ಲಿ ಅವಳ ಕಣ್ಣಿಗೆ ಎಲ್ಲವೂ ಎರಡೆರಡು ಕಾಣತೊಡಗಿತ್ತು. ಬಾಗಿಲ ಪಕ್ಕದಲ್ಲಿ ಇನ್ನೊಂದು ಬಾಗಿಲು, ಅತ್ತೆಯ ಹಿಂದೆ ಇನ್ನೊಬ್ಬಳು ಅತ್ತೆ, ಒಂದು ಗೇಣು ಆಚೆ, ನೆಲಕ್ಕಿಂತ ಸ್ವಲ್ಪ ಮೇಲೆ. ಇಬ್ಬರೂ ಒಟ್ಟಿಗೇ ಬಾಯಿ ತೆರೆದು ಒಂದೇ ಮಾತು ಆಡುತ್ತಿದ್ದರು. ಕಾಲು ಇಟ್ಟಲ್ಲಿ ಊರುತ್ತಿರಲಿಲ್ಲ. ಆಗಾಗ ಮಾತು ಮರೆಯುತ್ತಿತ್ತು. ಪೇಟೆಯ ಡಾಕ್ಟರೊಬ್ಬರು ಗ್ಯಾಸ್ಟ್ರಿಕ್ ಎಂದು ಎರಡು ಸಲ ಗ್ಲೂಕೋಸ್ ಏರಿಸಿ ಕಳಿಸಿದರು. ಏರಿಸಿದ ಮೇಲೆ ಇನ್ನೂ ಹೆಚ್ಚಾಯಿತು. ತನಗೆ ಎರಡೆರಡು ಕಾಣುತ್ತದೆಂದು ಅವಳು ಯಾರಿಗೂ ಹೇಳಲಿಲ್ಲ, ಹುಚ್ಚು ಹಿಡಿದಿದೆ ಎಂದಾರು ಎಂದು.

ಹೇಳದಿದ್ದರೂ ಸುಬ್ಬಲಕ್ಷ್ಮಮ್ಮ ತನ್ನ ತೀರ್ಮಾನಕ್ಕೆ ಬಂದಾಗಿತ್ತು. ಆ ಬಿಸಾಕಿದ ಹೊಟ್ಟೆ ಬಂದಿದೆ. ಮನೆಗೆ ಬಂದು, ತನ್ನ ಜಾಗ ಕಾಣದೆ, ಸೊಸೆ ಉಂಡಿದ್ದನ್ನೆಲ್ಲ ಹೊರಗೆಳೆದು ಹಾಕುತ್ತಿದೆ. ಅವಳು ಯಾರನ್ನೂ ಕೇಳಲು ಹೋಗಲಿಲ್ಲ. ಶನಿವಾರ ನೆತ್ತಿ ಮೇಲೆ ಸೂರ್ಯ ಬರುವ ಹೊತ್ತಿಗೆ ಬಾಳೆ ಎಲೆಯಲ್ಲಿ ಮೂರು ಮುದ್ದೆ, ಅವರೆಬೇಳೆ ಸಾರು, ಒಂದು ಈರುಳ್ಳಿ ಇಟ್ಟು, ಪಿಳ್ಳಪ್ಪನ ಬೆರಳಿರುವ ಹೊಂಗೆ ಮರದ ಬುಡಕ್ಕೆ ಕೊಂಡೊಯ್ದಳು. ತಿರುಗಿ ನೋಡದೆ ಬಂದಳು.

ಸಂಜೆ ಹೋಗಿ ನೋಡಿದರೆ ಎಲೆ ನೆಕ್ಕಿದಂತೆ ಖಾಲಿ. ಚೆಲ್ಲಾಡಿರಲಿಲ್ಲ, ಕಾಗೆ ಕೆದರಿರಲಿಲ್ಲ, ನಾಯಿಯ ಹಲ್ಲಿನ ಗುರುತಿಲ್ಲ. ಎಲೆಯನ್ನು ಊಟ ಮುಗಿಸಿದವರು ಮಡಿಸುವ ಹಾಗೆ ತನ್ನ ಕಡೆಗೇ ಮಡಿಸಿಟ್ಟಿತ್ತು.

ಮುಂದಿನ ಶನಿವಾರವೂ ಹಾಗೇ. ಅದರ ಮುಂದಿನದ್ದೂ.

"ಉಂಡೈತೆ ಕಣಮ್ಮ," ಎಂದು ಅತ್ತೆ ತನುಜಳ ಕಿವಿಯ ಹತ್ತಿರ ಹೇಳಿದಳು. "ಈರುಳ್ಳಿನೂ ಬಿಟ್ಟಿಲ್ಲ. ನಿನ್ನಂಗೇ."

ನಾಲ್ಕನೇ ಶನಿವಾರ ತನುಜ ಎದ್ದಳು. ಭಯವಿತ್ತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ತನ್ನಿಂದ ಆಗದ್ದನ್ನು ತನ್ನದೇ ಒಂದು ತುಂಡು ಮರದಡಿ ಕೂತು ಮಾಡುತ್ತಿದೆ, ಅದನ್ನು ನೋಡಬೇಕು. ಅತ್ತೆ ಎಡೆ ಇಟ್ಟು ಬಂದು ಒಳಗೆ ಕಾಲು ಚಾಚಿದ ಮೇಲೆ ಗೋಡೆ ಸವರಿಕೊಂಡು ಹೊರಟಳು. ಮಟಮಟ ಮಧ್ಯಾಹ್ನ. ನೆರಳುಗಳೆಲ್ಲ ಕಾಲಡಿಗೆ ಸರಿದಿದ್ದವು. ಹುಳು ಮನೆಯ ಒಳಗಿನ ಸದ್ದು ಒಂದೇ ಸಮನೆ ಸುರಿಯುತ್ತಿತ್ತು. ಅದರ ಹಿಂಬದಿಗೆ ತಿರುಗಿದಾಗ ಆ ಸದ್ದಿನೊಳಗೆ ಇನ್ನೊಂದು ಸದ್ದು, ಗಂಟಲಿನ ಸದ್ದು, ಗುಳುಕ್, ಗುಳುಕ್.

ಮರದ ಬುಡದಲ್ಲಿ ಅವಳೇ ಕೂತಿದ್ದಳು. ಅವಳದೇ ಹಸಿರು ನೈಟಿ, ಆಪರೇಷನ್‌ಗೆ ಮುಂಚೆ ತೊಡುತ್ತಿದ್ದದ್ದು. ಅದೇ ದುಂಡು ಬೆನ್ನು, ಅದೇ ಬಗ್ಗಿದ ಕತ್ತು. ಪಕ್ಕದಲ್ಲಿ ಒಂದು ಗೇಣು ಆಚೆ ಇನ್ನೊಬ್ಬಳು, ಅದೇ ನೈಟಿ. ಇಬ್ಬರೂ ಒಂದೇ ಸಲಕ್ಕೆ ಮುದ್ದೆ ಮುರಿದು, ಅದ್ದಿ, ನುಂಗುತ್ತಿದ್ದರು. ಎಡಗೈಯನ್ನು ಎಲೆಗೆ ಅಡ್ಡ ಹಿಡಿದಿದ್ದರು.

ತನುಜ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದಳು. ಇಬ್ಬರು ಒಬ್ಬಳಾದರು. ಆ ಒಬ್ಬಳು ತಿರುಗಿದಳು. ಗಲ್ಲದ ಮೇಲೆ ಸಾರು, ಕಣ್ಣಲ್ಲಿ ನೀರು.

ಬಿಂದುಶ್ರೀ.

"ಅಪ್ಪಂಗೆ ಹೇಳ್ಬೇಡಮ್ಮ," ಎಂದಳು ಹುಡುಗಿ, ಬಾಯಲ್ಲಿದ್ದದ್ದನ್ನು ನುಂಗಿ. "ದೆವ್ವಕ್ಕೆ ಮೂರು ಇಡ್ತಾರೆ. ನಂಗೆ ಅರ್ಧ."

ಮಗಳು ಹೇಳಿದ್ದು ಅಷ್ಟೇ. ತನುಜ ಅವಳ ಕಡೆಗೆ ಇಟ್ಟ ಹೆಜ್ಜೆ ಇಲ್ಲದ ನೆಲದ ಮೇಲೆ ಬಿತ್ತು, ಅವಳು ಕುಸಿದಳು.

ಹುಡುಗಿ ಓಡಿಹೋಗಿ ಕರೆದದ್ದು ತಂದೆಯನ್ನಲ್ಲ, ಅಜ್ಜಿಯನ್ನೂ ಅಲ್ಲ. ಊರಿನ ಉಪಕೇಂದ್ರದ ನರ್ಸ್ ರೂಪ ಅವರನ್ನು. ರೂಪ ಬಂದು, ತನುಜಳ ಮುಖದ ಮುಂದೆ ಬೆರಳು ಆಡಿಸಿದರು. ಕಣ್ಣಗುಡ್ಡೆಗಳು ನಿಲ್ಲದೆ ಅದುರುತ್ತಿದ್ದವು. ಎಷ್ಟು ದಿನದಿಂದ ವಾಂತಿ ಎಂದು ಕೇಳಿದರು. ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ ಮೊದಲ ಮನುಷ್ಯರು ಅವರು. ಇದು ಗಾಳಿಯೂ ಅಲ್ಲ, ಗ್ಯಾಸ್ಟ್ರಿಕ್ಕೂ ಅಲ್ಲ, ವಾರಗಟ್ಟಲೆ ಏನೂ ದಕ್ಕದೆ ಮೈಯಲ್ಲಿ ಬಿ-ಒನ್ ವಿಟಮಿನ್ ಬತ್ತಿ ಮೆದುಳಿಗೆ ಹೊಡೆದಿದೆ, ಗ್ಲೂಕೋಸಿಗಿಂತ ಮುಂಚೆ ಅದರ ಇಂಜೆಕ್ಷನ್ ಬೀಳಬೇಕು, ಇವತ್ತೇ ಬೀಳಬೇಕು ಎಂದರು. ತಾವೇ ಫೋನು ಮಾಡಿ, ತಾವೇ ಆಂಬುಲೆನ್ಸಿನಲ್ಲಿ ಕೂತು ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಇಂಜೆಕ್ಷನ್ ಬಿದ್ದ ಮೂರನೇ ದಿನಕ್ಕೆ ಎರಡು ಕಿಟಕಿ ಒಂದಾಯಿತು. ನಡಿಗೆ ಸರಿಹೋಗಲು ಹೆಚ್ಚು ದಿನ ಹಿಡಿಯಿತು, ಈಗಲೂ ತನುಜ ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಮುಟ್ಟುತ್ತಾಳೆ. ಆಸ್ಪತ್ರೆಯ ಮಂಚದ ಮೇಲೆ ರೂಪ ಅವಳಿಗೆ ಚಮಚದಷ್ಟು ಮುದ್ದೆಯನ್ನು ಅಗಿಯುವುದನ್ನು ಕಲಿಸಿದರು. ಮೂವತ್ತೆಂಟು ವರ್ಷದ ಹೆಂಗಸು, ಹಲ್ಲಿಗೆ ಅಂಟುವ ಅಸಹ್ಯಕ್ಕೆ ಕಣ್ಣು ಮುಚ್ಚಿಕೊಂಡು, ಬೆರಳು ಮಡಿಸುತ್ತ ಎಣಿಸಿದಳು. ಅಂದು ಉಂಡದ್ದು ಒಳಗೇ ಉಳಿಯಿತು.

ಮನೆಗೆ ಬಂದ ಮೊದಲ ಭಾನುವಾರ ಎಲ್ಲರೂ ಊಟಕ್ಕೆ ಕೂತರು. ಎಡೆ ಉಂಡದ್ದು ಮೊಮ್ಮಗಳು ಎಂದು ಸುಬ್ಬಲಕ್ಷ್ಮಮ್ಮನಿಗೆ ಹೇಳಿಯಾಗಿತ್ತು. ಅವಳು ಪೂರ್ತಿ ನಂಬಿರಲಿಲ್ಲ. ಮಗು ಉಂಡಿರಬಹುದು, ಮಗುವಿಗೆ ಉಣ್ಣು ಅಂದವರು ಯಾರು ಎನ್ನುವುದು ಅವಳ ಮಾತು. ಅವಳು ಮೊಮ್ಮಗಳ ತಟ್ಟೆಗೆ ಮುದ್ದೆ ಇಟ್ಟಳು. ಮುರಳಿ ಅಭ್ಯಾಸದಂತೆ ಕೈ ಚಾಚಿ ಅದನ್ನು ಎರಡಾಗಿ ಮುರಿಯಹೋದ.

"ಕೈ ತೆಗೀರಿ," ಎಂದಳು ತನುಜ. ದನಿ ಏರಿರಲಿಲ್ಲ. "ಈ ಮನೇಲಿ ಒಂದು ಹೊಟ್ಟೆ ಕೊಯ್ಸಿದ್ದಾಯ್ತು. ಅವಳದನ್ನ ನೀವು ಕತ್ತಿ ಇಲ್ದೇನೇ ಕೊಯ್ತಿದೀರ."

ಮುರಳಿ ಕೈ ತೆಗೆದ. ತನುಜ ಅತ್ತೆಯ ಪಾತ್ರೆಯಿಂದ ಇನ್ನೊಂದು ಮುದ್ದೆ ತೆಗೆದು ಮಗಳ ತಟ್ಟೆಗಿಟ್ಟಳು. ಆಮೇಲೆ ತನ್ನ ಚಮಚದಷ್ಟನ್ನು ಬಾಯಿಗೆ ಹಾಕಿಕೊಂಡು ಎಲ್ಲರೆದುರೂ ಅಗಿಯತೊಡಗಿದಳು. ಆ ಮನೆಯಲ್ಲಿ ಮುದ್ದೆ ಅಗಿಯುವ ಸದ್ದು ಹಿಂದೆಂದೂ ಕೇಳಿರಲಿಲ್ಲ. ಒದ್ದೆಯ, ನಿಧಾನದ, ಯಾವುದೋ ಪ್ರಾಣಿಯ ಸದ್ದು. ಮುದುಕಿ ಮುಖ ತಿರುಗಿಸಿದಳು.

ಬಿಂದುಶ್ರೀ ಮಾತ್ರ ಎರಡು ಮುದ್ದೆ ನೋಡಿಯೂ ನಂಬಲಿಲ್ಲ. ಎಡಗೈಯನ್ನು ತಟ್ಟೆಗೆ ಅಡ್ಡ ಹಿಡಿದು, ತಲೆ ತಗ್ಗಿಸಿ, ಒಂದರ ಹಿಂದೊಂದು ತುತ್ತು ಸರಸರನೆ ಒಳಗೆ ಇಳಿಸುತ್ತಿದ್ದಳು, ಹಿಂದಿನಿಂದ ಯಾರೋ ಬರುತ್ತಿದ್ದಾರೆ ಎನ್ನುವಂತೆ. ಅಡ್ಡ ಹಿಡಿದ ಆ ಕೈಯ ಮೇಲೆ ತನುಜ ತನ್ನ ಕೈ ಇಟ್ಟಳು. ಅದು ಸಡಿಲಾಗಲಿಲ್ಲ. ಹದಿನೆಂಟು, ಹತ್ತೊಂಬತ್ತು ಎಂದು ಒಳಗೇ ಎಣಿಸುತ್ತ ತನುಜ ಕೈ ತೆಗೆಯದೆ ಕೂತಳು.