ತವರಿನಲ್ಲಿ ಉಳಿದ ಹೆಸರು

ಅಫಜಲಪುರದ ನನ್ನ ಗಂಡನ ಮನೆಯಲ್ಲಿ ಮದುವೆಯ ದಿನವೇ ಸೊಸೆಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಸುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ. ಮರುದಿನ ಆ ಅಕ್ಕಿಯನ್ನೇ ಅನ್ನ ಮಾಡಿ ಎಲ್ಲರೂ ಉಂಡರು.

ಹೋದ ವರ್ಷ ಅದರ ಮೇಲೊಂದು ಕಥೆ ಬರೆದೆ. ಮದುಮಗಳ ಹಳೆಯ ಹೆಸರು ಅವಳ ಹಿಂದೆ ಬರುವುದಿಲ್ಲ. ಮಾದನಹಿಪ್ಪರಗಾದ ತವರಿನಲ್ಲೇ ಉಳಿದು, ಹುಡುಗಿಯಾಗಿ, ಅವ್ವನ ಜೊತೆ ರೊಟ್ಟಿ ಬಡಿಯುತ್ತದೆ. ಪಂಚಮಿಗೆ ಇವಳು ತವರಿಗೆ ಹೋದರೆ ಆ ಹೆಸರೇ ಬಾಗಿಲು ತೆರೆದು, “ಯಾರ್ ಬೇಕಾಗಿತ್ರಿ?” ಅನ್ನುತ್ತದೆ. ಕೊನೆಗೆ ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುತ್ತಾರೆ.

ಕಥೆ ಕಳಿಸಿದ ಪತ್ರಿಕೆಯ ಸಂಪಾದಕಿ ಫೋನ್ ಮಾಡಿದರು.

“ಚೆನ್ನಾಗಿದೆ ಮೇಡಂ. ಕೊನೆಗೆ ಎಚ್ಚರವಾಯ್ತು, ಎಲ್ಲಾ ಕನಸು ಅಂತ ಒಂದು ಸಾಲು ಸೇರಿಸಿ. ಹೆಸರು ರೊಟ್ಟಿ ಬಡಿಯುತ್ತೆ ಅಂದ್ರೆ ಯಾರು ನಂಬ್ತಾರೆ?”

“ಕನಸಲ್ರೀ ಅದು. ಅಕಿ ಖರೇನ ಅಲ್ಲಿ ಅದಾಳ.”

ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ದಿನಾ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂಡುವವಳು ನಾನು. ಶರಣರ ಪವಾಡ ಹೇಳುವಾಗ ಯಾರೂ ಕೊನೆಗೆ ‘ಎಚ್ಚರವಾಯಿತು’ ಅನ್ನುವುದಿಲ್ಲ. ಒಂದು ತಾಟು ಅಕ್ಕಿಯಿಂದ ಹುಡುಗಿಯೊಬ್ಬಳ ಹೆಸರು ಅಳಿಯಿತು ಅಂದರೆ ಊರೆಲ್ಲ ನಂಬುತ್ತದೆ. ಅಳಿದಿಲ್ಲ, ಇನ್ನೂ ಇದೆ ಅಂದರೆ ಮಾತ್ರ ಅದು ಕನಸೇ?

ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಿದರು. “ಯಾರ ಸಂಗಾಟ ಜಗಳಾ ತಗದಿ ಬೇ?”

ಅವರಿಗೆ ಓದು ಬಾರದು. ನನ್ನ ಹೊಸ ಹೆಸರು ಆರಿಸಿದವರೂ ಅವರೇ. ಅಂಜುತ್ತಲೇ ಕಥೆ ಓದಿ ಹೇಳಿದೆ. ಕೇಳಿ, ಮೊರವನ್ನು ಪಕ್ಕಕ್ಕೆ ಸರಿಸಿದರು.

“ನಂದು ಜೇವರ್ಗ್ಯಾಗ ಅದ,” ಅಂದರು.

“ಏನ್ರಿ ಅತ್ತಿ?”

“ನನ್ನ ಹೆಸರವ್ವಾ. ನಮ್ಮವ್ವ ಇರೋತನಕ ಅದರಲೇ ಕರೀತಿದ್ಳು. ಕನಸಂತ ಬರೀಬ್ಯಾಡ ನೋಡು.”

“ಹಂಗಿದ್ರ ನಂದ್ಯಾಕ ಬದಲ್ ಮಾಡಿದ್ರಿ?”

“ನಂದೂ ಮಾಡಿದ್ರಲ್ಲ! ಆಗ ನಮಗ ಅಷ್ಟೇ ತಿಳೀತಿತ್ತು.”

ಸಂಪಾದಕಿಗೆ ಫೋನ್ ಮಾಡಿ, ಸಾಲು ಬೇಡವೇ ಬೇಡ ಅಂದೆ. “ಆಯ್ತು ಮೇಡಂ” ಅಂದರು.

ಸಂಚಿಕೆ ಬಂತು. ಗಂಗಾಳದ ಮಾತಿನ ಕೆಳಗೆ, ನಾನು ಬರೆಯದ ಸಾಲು: ‘ಅಷ್ಟರಲ್ಲಿ ಅವಳಿಗೆ ಎಚ್ಚರವಾಯಿತು.’

ಕಥೆ ಅಚ್ಚಾಯಿತಲ್ಲ, ದೇವರ ದಯೆ. ಉಳಿದ ಮಾತೊಂದನ್ನೂ ಮುಟ್ಟಿರಲಿಲ್ಲ, ಅದೂ ಅವನ ದಯೆ. ಎಷ್ಟು ದಯೆ ಎಣಿಸಿದರೂ ಸಿಟ್ಟು ಇಳಿಯಲಿಲ್ಲ. ಮತ್ತೆ ಫೋನ್ ಹಚ್ಚಿದೆ.

“ಒಂದೇ ಸಾಲಲ್ವಾ ಮೇಡಂ?”

“ಆ ಒಂದ ಸಾಲಿನ್ಯಾಗ ಅಕೀನ ಮನಿ ಬಿಡ್ಸಿದ್ರಲ್ರಿ!”

ಅತ್ತೆ ಒಲೆಯ ಮುಂದಿದ್ದರು. “ಎಲ್ಲದ ಆ ಸಾಲು? ತೋರ್ಸು.”

ತೋರಿಸಿದೆ. ಆರಿದ ರೊಟ್ಟಿಹಂಚಿನ ಅಡಿಗೆ ಬೆರಳು ಒರೆಸಿ, ಆ ಮಸಿಯನ್ನು ಸಾಲಿನುದ್ದಕ್ಕೂ ತಿಕ್ಕಿದರು. ಒಂದಕ್ಷರವೂ ಕಾಣದಾಯಿತು.

“ಈಗ ಓದು.”

ಓದಿದೆ. ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು.

“ಹಾಂ. ಇದನ್ನ ಜೇವರ್ಗಿಗೆ, ನನ್ನ ತಮ್ಮನ ಮನಿಗೆ ಕಳಸು,” ಅಂದವರೇ ಕೈ ತೊಳೆಯಲು ಎದ್ದರು.